ಸ್ವೆಟರ್ ಗಂಟಿನ ವಿಮೆ

ದಸರಾ ರಜೆ ಮುಗಿದು ಶಾಲೆ ಮತ್ತೆ ಶುರುವಾಗುವ ಹೊತ್ತಿಗೆ ಮುಂಡಗೋಡದ ಟಿಬೆಟನ್ ಕಾಲೊನಿಯ ಎಷ್ಟೋ ಮನೆಗಳಿಗೆ ಬೀಗ ಬಿದ್ದಿರುತ್ತದೆ. ಗೋವಿನಜೋಳದ ಕೆಲಸ ಒಂದು ಹದಕ್ಕೆ ಬಂದಿರುತ್ತದೆ. ಮನೆ ಕಾಯಲು ಅಜ್ಜ ಅಜ್ಜಿಯರನ್ನು ಬಿಟ್ಟು ಗಂಡ ಹೆಂಡತಿ ಸ್ವೆಟರ್ ಮಾರಲು ಊರೂರಿಗೆ ಹೊರಟಿರುತ್ತಾರೆ. ನೀವು ಹುಬ್ಬಳ್ಳಿಯವರಿರಲಿ, ಬೆಳಗಾವಿಯವರಿರಲಿ, ಬೆಂಗಳೂರಿನವರಿರಲಿ, ಅವರನ್ನು ನೋಡಿಯೇ ಇರುತ್ತೀರಿ. ರಸ್ತೆಯ ಬದಿಗೋ ಖಾಲಿ ಮೈದಾನದಲ್ಲೋ ಸಾಲಾಗಿ ಎದ್ದ ಗುಡಾರಗಳು, ಬಣ್ಣಬಣ್ಣದ ಉಣ್ಣೆಯ ರಾಶಿ, ಪಟ್ಟೆಪಟ್ಟೆಯ ಮುಂಗವಚ ಕಟ್ಟಿಕೊಂಡು ಕುಳಿತ ಹೆಂಗಸರು. ನಿಮ್ಮ ಮಗುವಿನ ಕುಲಾವಿಯೋ ನಿಮ್ಮ ಅತ್ತೆಯವರ ಶಾಲೋ ಅವರ ಕೈಯಿಂದಲೇ ಬಂದದ್ದಿರಬಹುದು.

ನಾನು ಧಾರವಾಡದಲ್ಲಿ ಬಿ.ಎಡ್. ಓದುತ್ತಿದ್ದಾಗ ಹುಬ್ಬಳ್ಳಿಯ ಅಂಥದೊಂದು ಗುಡಾರದಲ್ಲಿ ಮರೂನ್ ಬಣ್ಣದ ಕಾರ್ಡಿಗನ್ ಕೊಂಡಿದ್ದೆ. ಹತ್ತು ರೂಪಾಯಿ ಕಡಿಮೆ ಬಿದ್ದಿತ್ತು. ಮಾರುತ್ತಿದ್ದ ಹೆಂಗಸು, "ಇರ್ಲಿ ತಗೋರಿ, ಮುಂದಿನ ಸಲ ಕೊಡ್ರಿ" ಎಂದರು. ಮುಂದಿನ ಸಲ ಬಂದದ್ದು ಮೂರು ವರ್ಷದ ಮೇಲೆ, ನನಗೆ ಮುಂಡಗೋಡಕ್ಕೆ ನೌಕರಿಯ ಆದೇಶ ಬಂದಾಗ. ಪೇಟೆಯಲ್ಲಿ ತರಕಾರಿ ಕೊಳ್ಳುತ್ತಿದ್ದ ಅವರನ್ನು ಗುರುತು ಹಿಡಿದು ಹತ್ತು ರೂಪಾಯಿ ಕೊಟ್ಟೆ. ಅವರಿಗೆ ನೆನಪೇ ಇರಲಿಲ್ಲ, ನಕ್ಕರು. ಅಂದಿನಿಂದ ಸ್ನೇಹ. ನನಗಿಂತ ಎರಡು ವರ್ಷ ದೊಡ್ಡವರು. ಟಿಬೆಟನ್ ಭಾಷೆಯಲ್ಲಿ ಅಕ್ಕನಿಗೆ ಹೇಳುವಂತೆ ನಾನು ಅವರನ್ನು ಅಚ್ಚಾ-ಲಾ ಅನ್ನುತ್ತೇನೆ. ನಮ್ಮ ಜಿಲ್ಲೆಯಲ್ಲಿ ಟೀಚರಮ್ಮನಿಗೆ ಹೇಳುವಂತೆ ಅವರು ನನ್ನನ್ನು ಅಕ್ಕೋರೆ ಅನ್ನುತ್ತಾರೆ. ಹೀಗಾಗಿ ನಮ್ಮಿಬ್ಬರಲ್ಲಿ ತಂಗಿ ಯಾರೂ ಇಲ್ಲ.

ಈ ಅಚ್ಚಾ-ಲಾ ಕಳೆದ ಶ್ರಾವಣದಲ್ಲಿ ಒಂದು ಭಾನುವಾರ ಪ್ಲಾಸ್ಟಿಕ್ ಚೀಲದಲ್ಲಿ ಕಾಗದ ಸುತ್ತಿಕೊಂಡು ಮಳೆಯಲ್ಲೇ ಬಂದರು.

"ಅಕ್ಕೋರೆ, ಇದನ್ನೊಂದು ಸಲ ಓದಿ ಹೇಳ್ರಿ. ನನಗ ಕನ್ನಡ ಮಾತಾಡಾಕ ಬರ್ತೈತಿ, ಓದಾಕ ಬರೂದಿಲ್ಲ. ಇಂಗ್ಲೀಷ್ ಅಂತೂ ಕೇಳಬ್ಯಾಡ್ರಿ."

ಅದು ವಿಮೆಯ ಅರ್ಜಿ. ಹಿಂದಿನ ಚಳಿಗಾಲ ಹುಬ್ಬಳ್ಳಿಯಲ್ಲಿ ಇವರ ಪಕ್ಕದ ಸಾಲಿನ ಗುಡಾರದಲ್ಲಿ ರಾತ್ರಿ ವೈರು ಸುಟ್ಟು ಎರಡು ಗಂಟು ಮಾಲು ಬೂದಿಯಾಗಿತ್ತಂತೆ. ಬೆಂಗಳೂರಿನಲ್ಲಿ ನರ್ಸ್ ಆಗಿರುವ ಮಗಳು ಅದನ್ನು ಕೇಳಿದಾಗಿನಿಂದ ಫೋನಿನಲ್ಲಿ ಒಂದೇ ಹಟ: ಅಮ್ಮಾ, ವಿಮೆ ಮಾಡಿಸು. ಏಜೆಂಟರೊಬ್ಬರು ಕಾಗದ ಕೊಟ್ಟು, ಗೀಟು ಹಾಕಿದಲ್ಲಿ ಸಹಿ ಮಾಡಿ, ಉಳಿದದ್ದು ನಾನು ತುಂಬಿಕೊಳ್ಳುತ್ತೇನೆ ಎಂದು ಹೇಳಿ ಹೋಗಿದ್ದರು. ಸಹಿ ಮಾಡುವ ಮುಂಚೆ ಅಚ್ಚಾ-ಲಾ ನನ್ನ ಹತ್ತಿರ ಬಂದಿದ್ದರು.

ಚಹಾ ಇಟ್ಟೆ. ಆದರೆ ಕಾಗದ ಮುಟ್ಟಲು ಕೈ ಮುಂದೆ ಬರಲಿಲ್ಲ. ಅದಕ್ಕೆ ಕಾರಣ ನನ್ನ ತಮ್ಮ.

ತಮ್ಮನದು ಹಳಿಯಾಳದಲ್ಲಿ ಬಟ್ಟೆ ಅಂಗಡಿ. ಬ್ಯಾಂಕಿನಿಂದ ಸಾಲ ತಂದಾಗ ಬ್ಯಾಂಕಿನವರೇ ವಿಮೆ ಮಾಡಿಸಿದ್ದರು. ಪ್ರತಿ ವರ್ಷ ಕಂತು ಅವನ ಖಾತೆಯಿಂದ ತಾನಾಗಿ ಹೋಗುತ್ತಿತ್ತು. ಅವನು ಪಾಲಿಸಿಯ ಕಾಗದವನ್ನು ಒಮ್ಮೆಯೂ ಬಿಚ್ಚಿ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. 2003ರ ಬೇಸಿಗೆಯ ಒಂದು ರಾತ್ರಿ ಬೆಂಕಿ ಬಿತ್ತು. ಸುಟ್ಟ ಮಾಲು ಒಟ್ಟು ಎರಡು ಲಕ್ಷದ್ದು. ವಿಮೆಯೂ ಸರಿಯಾಗಿ ಎರಡು ಲಕ್ಷಕ್ಕೇ ಇತ್ತು. ದೇವರು ದೊಡ್ಡವನು ಎಂದುಕೊಂಡೆವು.

ಸರ್ವೇಯರ್ ಬಂದರು, ಲೆಕ್ಕ ಹಾಕಿದರು. ಅಂಗಡಿಯಲ್ಲಿ ಸುಟ್ಟದ್ದು ಒಂದು ಲಕ್ಷ ಇಪ್ಪತ್ತು ಸಾವಿರದ ಮಾಲು. ಉಳಿದ ಎಂಬತ್ತು ಸಾವಿರದ್ದು ಹಿಂದಿನ ಓಣಿಯ ಗೋದಾಮಿನಲ್ಲಿತ್ತು. ಗೋದಾಮಿನ ವಿಳಾಸ ಪಾಲಿಸಿಯಲ್ಲಿಲ್ಲ, ಆದ್ದರಿಂದ ಅದಕ್ಕೆ ಸೊನ್ನೆ. ಇನ್ನು ಅಂಗಡಿಯಲ್ಲಿ ಆ ದಿನ ಇದ್ದ ಒಟ್ಟು ಮಾಲು ನಾಲ್ಕು ಲಕ್ಷದ್ದು. ವಿಮೆ ಎರಡು ಲಕ್ಷಕ್ಕೆ. ಅಂದರೆ ಅರ್ಧಕ್ಕೆ ವಿಮೆ ಮಾಡಿದವನು ಉಳಿದರ್ಧಕ್ಕೆ ತಾನೇ ವಿಮೆ ಕಂಪನಿ ಎಂದು ಅವರ ಲೆಕ್ಕ. ಹಾಗಾಗಿ ಒಂದು ಲಕ್ಷ ಇಪ್ಪತ್ತು ಸಾವಿರದ ಅರ್ಧ, ಅರವತ್ತು ಸಾವಿರ. ಅದೂ ಕೈಗೆ ಬರಲಿಲ್ಲ. ಪಾಲಿಸಿಯಲ್ಲಿ ಬ್ಯಾಂಕಿನ ಹೆಸರು ಮೊದಲಿದ್ದದ್ದರಿಂದ ನೇರ ಸಾಲದ ಖಾತೆಗೆ ಜಮೆಯಾಯಿತು. ತಮ್ಮನ ಕೈಗೆ ಬಂದದ್ದು ಹಾಗೆಂದು ತಿಳಿಸುವ ಒಂದು ಪತ್ರ. ಗ್ರಾಹಕರ ವೇದಿಕೆಗೆ ಹೋಗು ಎಂದೆ. "ಕಾರವಾರಕ್ಕ ಅಡ್ಡಾಡ್ಕೋತ ಕುಂತರ ಅಂಗಡಿ ಯಾರು ಎಬ್ಬಸವ್ರು ಅಕ್ಕಾ?" ಎಂದ. ಆ ವರ್ಷ ನನ್ನ ಎರಡು ಬಳೆ ಹೋದವು. ಅದನ್ನು ಎಣಿಸಿ ಹೇಳುತ್ತಿಲ್ಲ, ಅವನು ಎಂದೋ ತೀರಿಸಿದ್ದಾನೆ. ನನ್ನನ್ನು ಇಂದಿಗೂ ಕಾಡುವುದು ಬೇರೆ. ಬಿ.ಎ. ಓದಿದ ಅಕ್ಕ ಮನೆಯಲ್ಲಿದ್ದೂ, ಹತ್ತು ಸಾಲಿನ ಆ ಪಟ್ಟಿಯನ್ನು ಮೊದಲೇ ಓದಿದ್ದರೆ ಗೋದಾಮಿನ ವಿಳಾಸ ಬಿಟ್ಟುಹೋಗಿದ್ದು ಕಾಣುತ್ತಿತ್ತು.

ಹೀಗಾಗಿ ಅಚ್ಚಾ-ಲಾರ ಕಾಗದವನ್ನು ಒಂದು ವಾರ ಇಟ್ಟುಕೊಳ್ಳುತ್ತೇನೆ ಎಂದೆ. ಸಮಾಜ ವಿಜ್ಞಾನ ಕಲಿಸುವವಳಿಗೆ ಒಂದು ಚಟವಿರುತ್ತದೆ. ಯಾವುದನ್ನೇ ತಿಳಿಯಬೇಕಾದರೂ ಅದು ಎಲ್ಲಿಂದ ಬಂತು ಎಂಬಲ್ಲಿಂದಲೇ ಶುರು ಮಾಡಬೇಕು.

ಮೊದಲು ಇವರೇ ಎಲ್ಲಿಂದ ಬಂದರು ಎಂಬುದು. 1959ರ ಮಾರ್ಚಿನಲ್ಲಿ ದಲೈ ಲಾಮಾ ಲ್ಹಾಸಾ ಬಿಟ್ಟು ಭಾರತಕ್ಕೆ ಬಂದರು. ಅವರ ಹಿಂದೆ ಸುಮಾರು ಎಂಬತ್ತು ಸಾವಿರ ಜನ ಹಿಮಾಲಯ ದಾಟಿದರು. ಬಂದವರಲ್ಲಿ ಬಹಳ ಮಂದಿ ಮೊದಲ ವರ್ಷಗಳನ್ನು ಗುಡ್ಡಗಾಡಿನ ರಸ್ತೆ ಕೆಲಸದಲ್ಲಿ ಕಲ್ಲು ಒಡೆದು ಕಳೆದರು. ಮೈಸೂರು ರಾಜ್ಯ ಮೊದಲು ಬೈಲಕುಪ್ಪೆಯಲ್ಲಿ ನೆಲ ಕೊಟ್ಟಿತು. ಆಮೇಲೆ 1966ರಲ್ಲಿ, ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾಗಿದ್ದಾಗ, ನಮ್ಮ ಮುಂಡಗೋಡದ ಹತ್ತಿರ ಸುಮಾರು ನಾಲ್ಕು ಸಾವಿರ ಎಕರೆ ಕಾಡುಭೂಮಿಯಲ್ಲಿ ಇನ್ನೊಂದು ವಸತಿ ಎದ್ದಿತು. ಅವರು ಅದನ್ನು ದೋಗುಲಿಂಗ್ ಎನ್ನುತ್ತಾರೆ. ನಾವು ಕಾಲೊನಿ ಎನ್ನುತ್ತೇವೆ, ಅಂಚೆ ಕಚೇರಿಯ ಹೆಸರೂ ಟಿಬೆಟನ್ ಕಾಲೊನಿ ಎಂದೇ. ಒಂಬತ್ತು ಕ್ಯಾಂಪು ಸಂಸಾರಿಗಳದು, ಎರಡು ಲಾಮಾ ಕ್ಯಾಂಪು. ಲ್ಹಾಸಾದ ಸುತ್ತಲಿದ್ದ ಗಾಂದೆನ್ ಮತ್ತು ದ್ರೆಪುಂಗ್ ಮಠಗಳ ಭಿಕ್ಷುಗಳು ಬಂಗಾಳದ ಬಕ್ಸಾ ಎಂಬಲ್ಲಿನ ಹಳೆಯ ಸೆರೆಮನೆಯ ಶಿಬಿರದಲ್ಲಿ ಹತ್ತು ವರ್ಷ ಕಳೆದು, ಕ್ಷಯರೋಗದಿಂದ ಅದೆಷ್ಟೋ ಜನರನ್ನು ಕಳೆದುಕೊಂಡು, 1969ರ ಹೊತ್ತಿಗೆ ಇಲ್ಲಿಗೆ ಬಂದರು. ಕೆಲವು ನೂರು ಜನ ಬಂದದ್ದು. ಇಂದು ಅಲ್ಲಿ ಸಾವಿರಗಟ್ಟಲೆ ಭಿಕ್ಷುಗಳಿದ್ದಾರೆ.

ಅಚ್ಚಾ-ಲಾ ಹುಟ್ಟಿದ್ದು ಇಲ್ಲೇ. ಅವರ ತಾಯಿ ಕಾಡು ಕಡಿದ ತಂಡದಲ್ಲಿದ್ದವರು. ಊರಿನಲ್ಲಿ ಅವರಿಗೆ ಚಮರೀಮೃಗಗಳ ಹಿಂಡಿತ್ತಂತೆ. "ಅದಕ್ಕ ವಿಮೆ ಇತ್ತೇನು ನಿಮ್ಮ ಅಮ್ಮಾರ್ದು?" ಎಂದು ನಾನೊಮ್ಮೆ ತಮಾಷೆ ಮಾಡಿದ್ದೆ. ಅಚ್ಚಾ-ಲಾ ಗಂಭೀರವಾಗಿ, "ಕಿದುಗ್ ಇತ್ತು" ಎಂದರು.

ಕಿದುಗ್ ಎಂದರೆ ಅವರ ಮಾತಿನಲ್ಲಿ ಸುಖ-ದುಃಖ. ಒಂದೇ ಊರಿನಿಂದ ಬಂದವರು, ಒಂದೇ ವೃತ್ತಿಯವರು ಸೇರಿ ಕಟ್ಟಿಕೊಂಡ ಕೂಟಕ್ಕೂ ಅದೇ ಹೆಸರು. ಎಲ್ಲರೂ ಒಂದಿಷ್ಟು ಹಾಕುತ್ತಾರೆ. ಯಾರದೋ ಮನೆಯಲ್ಲಿ ಕಾಯಿಲೆ, ಸಾವು, ನಷ್ಟ ಬಂದರೆ ಅದರಿಂದ ಕೊಡುತ್ತಾರೆ. ಹಳೆಯ ಟಿಬೆಟ್ಟಿನಲ್ಲಿ ಇದ್ದದ್ದು, ಇಲ್ಲಿಗೂ ಅವರ ಜೊತೆ ಬಂತು. ಹುಬ್ಬಳ್ಳಿಯ ಗುಡಾರ ಸುಟ್ಟಾಗಲೂ ಸಾಲಿನವರೆಲ್ಲ ಸೇರಿ ದುಡ್ಡು ಎತ್ತಿ ಕೊಟ್ಟರಂತೆ. ನಮ್ಮಲ್ಲಿ ಮುಯ್ಯಿ ಇಲ್ಲವೇ, ಹಾಗೆ. ಹುಬ್ಬಳ್ಳಿ ಕಡೆಯ ಹೆಂಗಸರು ಭಿಶಿ ಹಾಕುವುದಿಲ್ಲವೇ? ಗದುಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ರೈತರು ಸಹಕಾರಿ ಸಂಘ ಕಟ್ಟಿದ್ದೂ ಇದೇ ಬುದ್ಧಿಯಿಂದ. ವಿಮೆ ಎಂದರೆ ಬುಡದಲ್ಲಿ ಇಷ್ಟೇ. ಆದರೆ ಕಿದುಗ್‌ನಲ್ಲಿ ಒಬ್ಬರ ಮನೆ ಒಬ್ಬರಿಗೆ ಗೊತ್ತು. ಎಷ್ಟು ಮಾಲಿತ್ತು, ಎಲ್ಲಿತ್ತು ಎಂದು ಯಾರೂ ಕಾಗದ ಕೇಳುವುದಿಲ್ಲ. ಹಾಗೆಯೇ, ಇಡೀ ಸಾಲಿಗೇ ಬೆಂಕಿ ಬಿದ್ದರೆ ಕೊಡುವವರಾರೂ ಉಳಿಯುವುದಿಲ್ಲ. ಅದಕ್ಕೇ ಗುರುತು ಪರಿಚಯವಿಲ್ಲದ ಸಾವಿರಾರು ಜನರ ಕೂಟ ಬೇಕಾಯಿತು. ಗುರುತಿಲ್ಲ ಎಂದ ಮೇಲೆ ಕಾಗದವೂ ಬೇಕಾಯಿತು.

ನಮ್ಮ ಪೇಟೆಗಳಿಗೆ ಇದು ಹೊಸದೇನಲ್ಲ. ಹಳೆಯ ವ್ಯಾಪಾರಿಗಳಲ್ಲಿ ಜೋಖಮಿ ಹುಂಡಿ ಎಂಬುದಿತ್ತು. ಮಾಲು ಸುರಕ್ಷಿತವಾಗಿ ಊರು ತಲುಪಿದರೆ ಮಾತ್ರ ಹುಂಡಿಯ ಹಣ ಕೊಡತಕ್ಕದ್ದು. ದಾರಿಯಲ್ಲಿ ಮುಳುಗಿದರೆ ಕೊಡಬೇಕಾಗಿಲ್ಲ. ವಿಮೆ ಎಂಬ ಮಾತೂ ಹಿಂದಿ ಉರ್ದುವಿನ ಬೀಮಾ, ಮರಾಠಿಯ ವಿಮಾ ಇವುಗಳ ಒಡಹುಟ್ಟು. ಇಂಗ್ಲಿಷರ ಕಂಪನಿಗಳು ಬಂದದ್ದು ಆಮೇಲೆ. 1818ರಲ್ಲಿ ಕಲಕತ್ತೆಯಲ್ಲಿ ಓರಿಯಂಟಲ್ ಎಂಬ ಜೀವವಿಮಾ ಕಂಪನಿ, 1850ರಲ್ಲಿ ಅಲ್ಲಿಯೇ ಬೆಂಕಿ, ಹಡಗು ಮುಂತಾದವುಗಳ ವಿಮೆಗೆ ಟ್ರೈಟನ್ ಎಂಬುದು.

ನಮ್ಮ ಮೈಸೂರು ಸಂಸ್ಥಾನವೂ ಹಿಂದೆ ಬಿದ್ದಿರಲಿಲ್ಲ. 1891ರಲ್ಲಿಯೇ ಅಲ್ಲಿ ಸರ್ಕಾರಿ ನೌಕರರಿಗೆ ಜೀವವಿಮೆ ಶುರುವಾಯಿತು. ಸಂಬಳದ ಪಟ್ಟಿಯಲ್ಲಿ ಪ್ರತಿ ತಿಂಗಳು ನಾವು ಗೊಣಗುತ್ತ ನೋಡುವ ಕೆ.ಜಿ.ಐ.ಡಿ. ಕಡಿತ ಅದರದೇ ಮುಂದುವರಿಕೆ. ಅದೇ ಸಂಸ್ಥಾನದಲ್ಲಿ ಅಧಿಕಾರಿಯಾಗಿದ್ದ ಜೆ.ಎಸ್. ಚಕ್ರವರ್ತಿ ಎಂಬವರು 1920ರಲ್ಲಿ ರೈತರಿಗಾಗಿ ಮಳೆಯ ವಿಮೆಯ ಯೋಜನೆ ಬರೆದು ಪ್ರಕಟಿಸಿದರು. ಮಳೆ ಇಂತಿಷ್ಟಕ್ಕಿಂತ ಕಡಿಮೆಯಾದರೆ, ಹೊಲ ಹೊಲಕ್ಕೆ ಹೋಗಿ ನಷ್ಟ ಅಳೆಯುವ ತಂಟೆಯಿಲ್ಲದೆ ಪರಿಹಾರ ಕೊಡಬೇಕೆಂದು ಅವರ ವಾದ. ಇಂದು ಹವಾಮಾನ ವಿಮೆ ಎಂದು ದೊಡ್ಡದಾಗಿ ಹೇಳುವುದನ್ನು ನೂರು ವರ್ಷದ ಹಿಂದೆ ನಮ್ಮವರೇ ಯೋಚಿಸಿದ್ದರು ಎಂದರೆ ಮಕ್ಕಳು ನಂಬುವುದಿಲ್ಲ.

ಸ್ವಾತಂತ್ರ್ಯದ ನಂತರ ಖಾಸಗಿ ಕಂಪನಿಗಳಲ್ಲಿ ಜನರ ಹಣ ದುರುಪಯೋಗವಾದ ಕಥೆಗಳು ಹೊರಬಂದವು. ಫಿರೋಜ್ ಗಾಂಧಿ ಸಂಸತ್ತಿನಲ್ಲಿ ಅದನ್ನು ಬಯಲಿಗೆಳೆದರು. 1956ರಲ್ಲಿ 245 ಸಂಸ್ಥೆಗಳನ್ನು ಒಂದುಗೂಡಿಸಿ ಜೀವವಿಮಾ ನಿಗಮವಾಯಿತು. ಅಂಗಡಿ, ಗೋದಾಮು, ಲಾರಿಗಳ ವಿಮೆಯ ಸರದಿ ಬಂದದ್ದು 1973ರ ಜನವರಿ 1ರಂದು: 107 ಕಂಪನಿಗಳು ಸೇರಿ ನಾಲ್ಕಾದವು. ನ್ಯಾಷನಲ್, ನ್ಯೂ ಇಂಡಿಯಾ, ಓರಿಯಂಟಲ್, ಯುನೈಟೆಡ್ ಇಂಡಿಯಾ. ಮುಂದೆ ಎಷ್ಟೋ ವರ್ಷ ಬೆಂಕಿ ವಿಮೆಯ ದರವನ್ನು ಒಂದು ಸಮಿತಿ ನಿಗದಿ ಮಾಡುತ್ತಿತ್ತು. ಯಾವ ಕಂಪನಿಗೆ ಹೋದರೂ ಅದೇ ದರ, ಅದೇ ಮಾತು. ಆರಿಸುವ ಪ್ರಶ್ನೆಯೇ ಇರಲಿಲ್ಲ. ಮಾಡಿಸುವುದೋ ಬಿಡುವುದೋ ಅಷ್ಟೇ. 2000ದಲ್ಲಿ ಖಾಸಗಿಯವರಿಗೆ ಮತ್ತೆ ಬಾಗಿಲು ತೆರೆಯಿತು, 2007ರ ಜನವರಿಯಿಂದ ದರದ ಕಟ್ಟೂ ಸಡಿಲವಾಯಿತು. ಅಂದಿನಿಂದ ವಿಮೆಯೂ ಸೀರೆಯಂತೆ ನಾಲ್ಕು ಅಂಗಡಿ ತಿರುಗಿ ಕೊಳ್ಳುವ ವಸ್ತುವಾಯಿತು. ಸೀರೆಯನ್ನಾದರೆ ಬೆಳಕಿಗೆ ಹಿಡಿದು ನೋಡಬಹುದು.

ಒಂದು ಅನುಕೂಲ ಮಾತ್ರ ಇತ್ತೀಚೆಗೆ ಆಗಿದೆ. 2021ರ ಏಪ್ರಿಲ್ 1ರಿಂದ ಸಣ್ಣ ವ್ಯವಹಾರಗಳಿಗೆ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಎಂಬ ಒಂದೇ ಮಾದರಿಯ ಪಾಲಿಸಿ ಬಂದಿದೆ. ಒಂದು ಜಾಗದಲ್ಲಿರುವ ಕಟ್ಟಡ, ಸಾಮಾನು, ಸರಕು ಎಲ್ಲ ಸೇರಿ ಐದು ಕೋಟಿಯವರೆಗಿನ ಆಸ್ತಿಗೆ ಇದು. ಕಂಪನಿ ಯಾವುದಾದರೂ ಒಳಗಿನ ಷರತ್ತು ಒಂದೇ, ದರ ಮಾತ್ರ ಬೇರೆ ಬೇರೆ. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕಂಪ, ದೊಂಬಿ ಇಷ್ಟೂ ಅದರಲ್ಲಿ ಸೇರಿವೆ. ಇಂಥ ಅನಾಹುತವಾದ ಏಳು ದಿನದೊಳಗೆ, ಆ ಗೊಂದಲದಲ್ಲಿ ಆದ ಕಳವೂ ಸೇರಿದೆ. ನನ್ನ ತಮ್ಮನ ಕೊರಳಿಗೆ ಬಿದ್ದ ಆ ಅರ್ಧದ ಲೆಕ್ಕಕ್ಕೂ ಸ್ವಲ್ಪ ಸಡಿಲ ಕೊಟ್ಟಿದ್ದಾರೆ. ಮಾಲಿನ ಬೆಲೆಗಿಂತ ವಿಮೆ ಶೇಕಡಾ 15ರವರೆಗೆ ಕಡಿಮೆಯಿದ್ದರೆ ಕಡಿತ ಮಾಡುವುದಿಲ್ಲ. ಎಂಟು ಲಕ್ಷದ ಮಾಲಿಗೆ ಏಳು ಲಕ್ಷದ ವಿಮೆಯಿದ್ದರೆ ನಡೆಯುತ್ತದೆ; ನಾಲ್ಕು ಲಕ್ಷದ್ದಾದರೆ ಹಳೆಯ ಕಥೆಯೇ.

ಏಜೆಂಟರು ಕೊಟ್ಟದ್ದು ಇದಲ್ಲ. ಅಂಗಡಿಕಾರರಿಗೆಂದು ಹತ್ತಾರು ಭಾಗಗಳನ್ನು ಕಟ್ಟಿ ಕೊಡುವ ದೊಡ್ಡ ಪೊಟ್ಟಣದಂಥ ಪಾಲಿಸಿ. ಮುಂದಿನ ಭಾನುವಾರ ಅಚ್ಚಾ-ಲಾರನ್ನು ಎದುರಿಗೆ ಕೂರಿಸಿಕೊಂಡು ಓದುತ್ತ ಹೋದೆ. ದೊಡ್ಡ ಗಾಜು ಒಡೆದರೆ ಪರಿಹಾರ. "ಗುಡಾರಕ್ಕ ಗಾಜೆಲ್ಲಿಂದ ಬರ್ಬೇಕ್ರಿ?" ನಿಯಾನ್ ಬೋರ್ಡು ಕೆಟ್ಟರೆ ಪರಿಹಾರ. ಇಬ್ಬರೂ ನಕ್ಕೆವು. ಕೆಲಸದವರು ಮೋಸ ಮಾಡಿದರೆ ಪರಿಹಾರ. "ಕೆಲಸದವಳು ನಾನs." ಹೀಗೆ ಒಂದೊಂದಾಗಿ ಹೊಡೆದು ಹಾಕಿದೆವು. ಉಳಿದವು ಬೆಂಕಿ ಮತ್ತು ಕಳವು. ಕಳವಿನ ಭಾಗದಲ್ಲಿ ಒಂದು ಸೂಕ್ಷ್ಮವಿದೆ, ಅಂಗಡಿಯಿರುವ ತಂಗಿಯರು ಗಮನಿಸಬೇಕು. ಬಾಗಿಲು ಮುರಿದು, ಬೀಗ ಒಡೆದು ಬಲವಂತದಿಂದ ಒಳಹೊಕ್ಕ ಗುರುತು ಇರಬೇಕು. ಗಿರಾಕಿಯಂತೆ ಬಂದು ಸ್ವೆಟರ್ ಮಡಿಲಲ್ಲಿಟ್ಟುಕೊಂಡು ಹೋದರೆ ಅದಕ್ಕೆ ಯಾವ ಪಾಲಿಸಿಯೂ ಅಳುವುದಿಲ್ಲ.

ಆಮೇಲೆ ಮಾಲು ಎಲ್ಲಿರುತ್ತದೆ ಎಂಬ ಪ್ರಶ್ನೆ. ಅರ್ಜಿಯಲ್ಲಿ ವಿಳಾಸಕ್ಕೆ ಎರಡು ಗೆರೆ ಬಿಟ್ಟಿದ್ದರು. ನನಗೆ ಹಳಿಯಾಳದ ಗೋದಾಮು ಕಣ್ಣ ಮುಂದೆ ಬಂತು. ಕೇಳುತ್ತ ಹೋದಂತೆ ಅಚ್ಚಾ-ಲಾರ ಮಾಲಿಗೆ ಮೂರು ಮನೆಗಳೆಂದು ತಿಳಿಯಿತು. ಲಾಮಾ ಕ್ಯಾಂಪಿನ ಹತ್ತಿರ ಅವರದೊಂದು ಪುಟ್ಟ ಅಂಗಡಿಯಿದೆ, ಮಠ ನೋಡಲು ಬರುವವರಿಗೆ ಧೂಪ, ಶಾಲು, ಜಮಖಾನೆ ಮಾರುತ್ತಾರೆ. ವರ್ಷದ ಉಳಿಕೆ ಮಾಲು ಕ್ಯಾಂಪಿನ ಮನೆಯ ಹಿಂದಿನ ಕೋಣೆಯಲ್ಲಿ. ಚಳಿಗಾಲದ ಮೂರು ತಿಂಗಳು ಹೆಚ್ಚಿನದೆಲ್ಲ ಹುಬ್ಬಳ್ಳಿಯ ಗುಡಾರದಲ್ಲಿ. ಏಜೆಂಟರು ಅಂಗಡಿಯ ವಿಳಾಸವೊಂದನ್ನೇ ಗುರುತು ಹಾಕಿಕೊಂಡು ಹೋಗಿದ್ದರು. ಸಹಿ ಬಿದ್ದಿದ್ದರೆ, ಬೆಂಕಿಯ ಭಯವಿರುವ ಗುಡಾರವೇ ಹೊರಗುಳಿಯುತ್ತಿತ್ತು. ಕ್ಯಾನ್ವಾಸು, ತಾಡಪತ್ರಿಗಳ ಮಳಿಗೆಯನ್ನು ವಿಮೆಯವರು ಕಚ್ಚಾ ಕಟ್ಟಡ ಎಂದು ಎಣಿಸುತ್ತಾರೆ, ದರ ಹೆಚ್ಚು. ಕೆಲವರು ಬೇಡವೆಂದೂ ಹೇಳಬಹುದು. ಬೇಡವೆನ್ನುವುದಾದರೆ ಕಂತು ಕಟ್ಟುವ ಮುಂಚೆಯೇ ಹೇಳಲಿ.

ಎಷ್ಟಕ್ಕೆ ಎಂಬುದೂ ಸುಲಭವಿರಲಿಲ್ಲ. ಆಷಾಢದಲ್ಲಿ ಅವರ ಹತ್ತಿರ ಒಂದು ಲಕ್ಷದ ಮಾಲೂ ಇರುವುದಿಲ್ಲ; ದೀಪಾವಳಿಯ ಹೊತ್ತಿಗೆ ಎಂಟು ಲಕ್ಷ. ವರ್ಷದ ಸರಾಸರಿ ಹಿಡಿದರೆ ದೀಪಾವಳಿಯ ಬೆಂಕಿಗೆ ಅರ್ಧ ಸಿಕ್ಕೀತು. ಅತಿ ಹೆಚ್ಚು ಇರುವ ದಿನದ್ದನ್ನೇ ಬರೆದೆವು, ಅದೂ ಕೊಂಡ ಬೆಲೆಯಲ್ಲಿ. ಮಾರುವ ಬೆಲೆಗೆ ಬರೆದರೆ ಕಂತು ಹೆಚ್ಚುತ್ತದೆಯೇ ಹೊರತು ಬಾರದ ಲಾಭವನ್ನು ಯಾರೂ ಕಟ್ಟಿಕೊಡುವುದಿಲ್ಲ. "2020ರಾಗ ಲಾಕ್‌ಡೌನ್ ಆತಲ್ರಿ, ಆ ಚಳಿಗಾಲ ನಾ ಹುಬ್ಬಳ್ಳಿಗೆ ಹೋಗಲs ಇಲ್ಲ. ಹಂಗಾದ್ರ ಕೊಡ್ತಾರೇನು?" ಎಂದು ಕೇಳಿದರು. ಇಲ್ಲ. ವಸ್ತುವಿಗೆ ಏನಾದರೂ ಆಗಿದ್ದರೆ ಮಾತ್ರ. ಮಡಿಸಿಟ್ಟ ಸ್ವೆಟರ್ ಮಾರಾಟವಾಗದೆ ಕುಳಿತರೆ ಇಲ್ಲ.

ದಾರಿಯ ಮಾತು ಇನ್ನೂ ಇತ್ತು. ಅವರ ಮಾಲು ಬರುವುದು ಪಂಜಾಬಿನ ಲೂಧಿಯಾನಾದಿಂದ. ಮೊದಮೊದಲು ಈ ಹೆಂಗಸರು ಕೈಯಲ್ಲಿ ಹೆಣೆದು ಮಾರುತ್ತಿದ್ದರು. ನಂತರ ಲೂಧಿಯಾನಾದ ಯಂತ್ರದ ಮಾಲು ಬಂತು. ಒಂದು ಕಾಲಕ್ಕೆ ಟಿಬೆಟ್ಟಿನ ಉಣ್ಣೆ ಹೇಸರಗತ್ತೆಗಳ ಬೆನ್ನೇರಿ ಕಾಲಿಂಪಾಂಗ್‌ಗೆ ಇಳಿದು ಹೊರದೇಶಕ್ಕೆ ಹೋಗುತ್ತಿತ್ತು. ಆ ನಾಡಿನ ಹೆಣ್ಣುಮಕ್ಕಳು ಇಂದು ಲೂಧಿಯಾನಾದ ಅಕ್ರಿಲಿಕ್ ಸ್ವೆಟರನ್ನು ಹುಬ್ಬಳ್ಳಿಯವರಿಗೆ ಮಾರುತ್ತಾರೆ. ಅಲ್ಲಿಂದ ಇಲ್ಲಿಗೆ ಲಾರಿಯಲ್ಲಿ ಬರುವ ಗಂಟಿಗೂ ವಿಮೆ ಮಾಡಿಸಬಹುದು, ಅದಕ್ಕೆ ಮರೈನ್ ಪಾಲಿಸಿ ಎಂದು ಹೆಸರು. ಸಮುದ್ರದ ಗಾಳಿಯನ್ನೂ ಕಾಣದ ಲಾರಿಗೆ ಸಮುದ್ರದ ವಿಮೆ! ವಿಮೆಯ ಶಾಸ್ತ್ರವೆಲ್ಲ ಹಡಗಿನಿಂದ ಹುಟ್ಟಿದ್ದರ ಗುರುತು ಹೀಗೆ ಉಳಿದಿದೆ. ಹೆಸರು ಕೇಳಿ ಅಚ್ಚಾ-ಲಾ ಬೇಡವೆಂದಿದ್ದರು, ನಾನೇ ಬಿಡಿಸಿ ಹೇಳಿ ಬರೆಸಿದೆ.

ಕೊನೆಗೆ ಸಿಕ್ಕಿಬಿದ್ದದ್ದು ಒಂದು ಸಣ್ಣ ಪ್ರಶ್ನೆಯಲ್ಲಿ. ಸರಕಿನ ಮಾಲೀಕರು ಯಾರು?

"ಮಾಲು ಸೇಠ್‌ಜೀದು" ಎಂದರು ಅಚ್ಚಾ-ಲಾ ತಡಮಾಡದೆ.

ಎಂಟು ಲಕ್ಷದಲ್ಲಿ ಐದು ಲಕ್ಷದ್ದು ಉದ್ರಿ. ಲೂಧಿಯಾನಾದ ಸಗಟು ವ್ಯಾಪಾರಿಗಳು ಕಾಲೊನಿಯವರಿಗೆ ದಶಕಗಳಿಂದ ಹೀಗೆ ನಂಬಿಕೆಯ ಮೇಲೆ ಮಾಲು ಕೊಡುತ್ತ ಬಂದಿದ್ದಾರೆ. ಚಳಿಗಾಲ ಮುಗಿದ ಮೇಲೆ ಹಣ. ಅಡವಿಲ್ಲ. ಅಡವಿಡಲು ಇವರಿಗೆ ನೆಲವೂ ಇಲ್ಲ; ಕಾಲೊನಿಯ ಭೂಮಿ ಇವರ ಹೆಸರಿನಲ್ಲಿಲ್ಲ. 2020ರಲ್ಲಿ ಹುಬ್ಬಳ್ಳಿಗೆ ಹೋಗಲಾಗದಾಗ ಸೇಠ್‌ಜಿ, ಮುಂದಿನ ವರ್ಷ ನೋಡೋಣ ಎಂದು ಫೋನಿನಲ್ಲಿ ಹೇಳಿ ಮುಗಿಸಿದರಂತೆ.

ಈಗ ಕಾಗದದಲ್ಲಿ ಏನು ಬರೆಯಬೇಕು? ಯಾವುದು ಹೋದರೆ ನಿನಗೆ ನಷ್ಟವೋ ಅದಕ್ಕೆ ಮಾತ್ರ ವಿಮೆ ಎಂಬುದು ಇದರ ಮೂಲ ನಿಯಮ. ಹಿಂದೆ ಇಂಗ್ಲೆಂಡಿನಲ್ಲಿ ಜನ ಯಾರ್ಯಾರದೋ ಪ್ರಾಣದ ಮೇಲೆ ವಿಮೆ ಇಳಿಸಿ ಅವರ ಸಾವಿಗೆ ಕಾಯುತ್ತ ಕೂರುತ್ತಿದ್ದರಂತೆ. 1774ರಲ್ಲಿ ಕಾನೂನು ಮಾಡಿ ಆ ಜೂಜನ್ನು ನಿಲ್ಲಿಸಿದರು. ಸಿರ್ಸಿಯಲ್ಲಿ ವಕೀಲನಾಗಿರುವ ನನ್ನ ಹಳೆಯ ವಿದ್ಯಾರ್ಥಿಗೆ ಫೋನ್ ಮಾಡಿದೆ. ಅವನು ಹೇಳಿದ್ದು: 1930ರ ಸರಕು ಮಾರಾಟ ಕಾಯ್ದೆಯಂತೆ, ಬೇರೆ ಕರಾರಿಲ್ಲದಿದ್ದರೆ, ಮಾಲಿನ ಒಡೆತನ ಕೊಂಡವರಿಗೆ ದಾಟಿದೊಡನೆ ಅದರ ನಷ್ಟವೂ ಅವರದೇ. ಹಣ ಕೊಟ್ಟಿರಲಿ ಬಿಡಲಿ. ಆದರೆ ಮಾರಾಟವಾಗದಿದ್ದರೆ ಹಿಂತಿರುಗಿಸುವ ಮಾತಿನ ಮೇಲೆ ತಂದ ಮಾಲಿನದು ಬೇರೆ ಲೆಕ್ಕ. ಅದು ಇನ್ನೂ ಕೊಟ್ಟವರದೇ ಎಂದಾಗಬಹುದು. ಪರರ ಮಾಲನ್ನು ನಂಬಿಕೆಯ ಮೇಲೆ ಇಟ್ಟುಕೊಂಡಿದ್ದರೆ ಹಾಗೆಂದು ಪಾಲಿಸಿಯಲ್ಲಿ ಸ್ಪಷ್ಟವಾಗಿ ಬರೆಸಬೇಕು. ಬರೆಸದಿದ್ದರೆ ಬೆಂಕಿ ಬಿದ್ದ ಮೇಲೆ, ಇದು ನಿಮ್ಮದಲ್ಲವಲ್ಲ, ಎನ್ನುತ್ತಾರೆ.

ನಾನು ಇದನ್ನೆಲ್ಲ ಹೇಳಿದಾಗ ಅಚ್ಚಾ-ಲಾ ಬಹಳ ಹೊತ್ತು ಸುಮ್ಮನಿದ್ದರು. "ಅಂದ್ರ ಸುಟ್ಟು ಹೋದ್ರೂ ಸೇಠ್‌ಜೀಗೆ ನಾ ಕೊಡಬೇಕು" ಎಂದರು. ಹೌದೆಂದೆ. "ಅದು ನನಗ ಗೊತ್ತs ಐತಿ. ಕಾನೂನು ಹೇಳಬೇಕೇನು? ಅವರು ಕೇಳದಿದ್ರೂ ಕೊಡಾಕs ಬೇಕು. ಇಲ್ಲಂದ್ರ ಮುಂದಿನ ವರ್ಷ ನಮ್ಮ ಕ್ಯಾಂಪಿನವರಿಗೆ ಯಾರು ಮಾಲು ಕೊಡ್ತಾರ?"

ಅಲ್ಲಿಯವರೆಗೂ ನಾನು ಅವರ ಎಂಟು ಲಕ್ಷವನ್ನು ಉಳಿಸಲು ಹೊರಟಿದ್ದೇನೆ ಎಂದುಕೊಂಡಿದ್ದೆ. ಅವರ ಭಯವೆಲ್ಲ ಆ ಐದು ಲಕ್ಷದ ಮೇಲಿತ್ತು, ತಾವು ಮುಳುಗಿದರೆ ಒಂದಿಡೀ ಕ್ಯಾಂಪಿನ ಮಾತು ಮುಳುಗುತ್ತದೆ ಎಂಬುದರ ಮೇಲೆ. ಉದ್ರಿಯದು ಮತ್ತು ಹಿಂತಿರುಗಿಸುವ ಮಾತಿನದು ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದೆವು. ಸೇಠ್‌ಜಿಗೆ ಫೋನ್ ಹಚ್ಚಿ, ಇಷ್ಟು ವರ್ಷಗಳಲ್ಲಿ ಮೊದಲ ಸಲ, ಬಿಲ್ಲಿನ ಮೇಲೆ ಯಾವುದು ಯಾವುದೆಂದು ಗುರುತು ಹಾಕಿ ಕಳಿಸಿರೆಂದು ಕೇಳಿದರು. ಆ ಕಡೆಯಿಂದ ಜೋರು ನಗು ಕೇಳಿಸಿತು. ಕಳಿಸುತ್ತೇನೆ ಎಂದರಂತೆ.

ಅರ್ಜಿ ನೋಡಿ ಏಜೆಂಟರ ಮುಖ ಸಣ್ಣದಾಯಿತು. ಅವರ ಪೊಟ್ಟಣ ಬಿಟ್ಟು ನಾವು ಸೂಕ್ಷ್ಮ ಉದ್ಯಮದ ಪಾಲಿಸಿ, ಜೊತೆಗೆ ಕಳವು ಮತ್ತು ದಾರಿಯದು ಕೇಳಿದ್ದೆವು. ಪಾಪ, ಅವರು ಕೆಟ್ಟವರಲ್ಲ. ಎರಡು ಸಲ ಹುಬ್ಬಳ್ಳಿಗೆ ಓಡಾಡಿ ಗುಡಾರದ ಜಾಗವನ್ನೂ ತಿಂಗಳುಗಳನ್ನೂ ಸೇರಿಸಿಕೊಂಡು ಬಂದರು. ಕಂತು ಹೆಚ್ಚಾಯಿತು, ಅಚ್ಚಾ-ಲಾ ಕೊಟ್ಟರು. ಪಾಲಿಸಿ ಬಂದ ದಿನ ಇಬ್ಬರೂ ಕೂತು ಮೂರು ವಿಳಾಸ, ಮೂರು ಮೊತ್ತ, ಮಾಲೀಕತ್ವದ ಸಾಲು, ಎಲ್ಲವನ್ನೂ ಬೆರಳಿಟ್ಟು ಓದಿದೆವು. ಒಂದು ಕಡೆ ಕ್ಯಾಂಪಿನ ಸಂಖ್ಯೆ ತಪ್ಪಾಗಿತ್ತು, ತಿದ್ದಿಸಿದೆವು. ಮುಂದೆ ತಕರಾರು ಬಂದರೆ ಬೆಂಗಳೂರಿನಲ್ಲಿ ವಿಮಾ ಓಂಬುಡ್ಸ್‌ಮನ್ ಕಚೇರಿಯಿದೆ. 2017ರ ನಿಯಮಗಳ ಮೇಲೆ ಇಂಥ ಸಣ್ಣ ಉದ್ಯಮದವರೂ ಅಲ್ಲಿಗೆ ದೂರು ಕೊಡಬಹುದು, ಶುಲ್ಕವಿಲ್ಲ, ವಕೀಲರೂ ಬೇಡ. ಆ ವಿಳಾಸವನ್ನು ಪಾಲಿಸಿಯ ಹಿಂದೆ ಪೆನ್ಸಿಲಿನಲ್ಲಿ ಬರೆದಿಟ್ಟೆ.

ತಮ್ಮನ ಅಂಗಡಿಯಲ್ಲಿ ಮಾಲಿನ ಜೊತೆ ಲೆಕ್ಕದ ಪುಸ್ತಕವೂ ಸುಟ್ಟಿತ್ತು. ಎಷ್ಟಿತ್ತು ಎಂದು ತೋರಿಸಲು ಹೆಣಗಿದ್ದೆವು. ಹಾಗಾಗಿ ಬಿಲ್ಲುಗಳ ಒಂದು ಪ್ರತಿ ಗುಡಾರದಲ್ಲಿಯೂ ಬೇಡ, ಕ್ಯಾಂಪಿನ ಮನೆಯಲ್ಲಿಯೂ ಬೇಡ, ನನ್ನ ಹತ್ತಿರ ಇರಲಿ ಎಂದೆ. ನಮ್ಮ ಟ್ರಂಕಿನಲ್ಲಿ 2003ರ ಪಾಲಿಸಿ ಇನ್ನೂ ಇದೆ. ಅದರ ಮೇಲೆಯೇ ಲೂಧಿಯಾನಾದ ಬಿಲ್ಲುಗಳನ್ನು ಇಟ್ಟಿದ್ದೇನೆ. ದಸರೆಯ ಮರುವಾರ ಹುಬ್ಬಳ್ಳಿಯಿಂದ ಮೊಬೈಲಿಗೆ ಫೋಟೋ ಬಂತು. ಬಿಚ್ಚದ ಹದಿನಾಲ್ಕು ಗಂಟು, ಪಕ್ಕದಲ್ಲಿ ಅಚ್ಚಾ-ಲಾ. ಕೆಳಗೆ ಅವರ ಧ್ವನಿಯ ಒಂದು ಸಂದೇಶ: "ಎಣಿಸಿ ಬರ್ಕೋರಿ ಅಕ್ಕೋರೆ. ಮತ್ತ ನಿಮ್ಮ ಮರೂನ್ ಸ್ವೆಟರ್ ಹಳೇದಾಗೈತಿ, ಈ ಸಲ ಹೊಸಾದು ಇಟ್ಟೀನಿ."